ನೀರು ನುಗ್ಗದ ಪದರದಿಂದ ಎಣ್ಣೆ ತೆಗೆದದ್ದು: ವಾಟರ್ ಫ್ಲಡ್‌ಗೆ ವಿದ್ಯುತ್ ಕ್ಷೇತ್ರ ಸೇರಿಸಿದ ನನ್ನ ಅನುಭವ

ವಾಟರ್ ಫ್ಲಡ್ ಎಂದರೆ ಎಣ್ಣೆ ಇರುವ ಕಲ್ಲಿಗೆ ನೀರು ಹಾಯಿಸಿ, ಆ ಕಚ್ಚಾ ಎಣ್ಣೆಯನ್ನು ಹೊರಗೆ ನೂಕುವುದು. ಅದನ್ನು ನಾನು ಪ್ರಯೋಗಾಲಯದಲ್ಲಿ ಕೋರಿನಲ್ಲಿ, ಅಂದರೆ ದುಂಡಗೆ ಕೊರೆದ ಉದ್ದನೆಯ ಕಲ್ಲಿನ ತುಂಡಿನಲ್ಲಿ, ಮಾಡುತ್ತೇನೆ. ಎಣ್ಣೆ ತುಂಬಿದ ಕೋರಿನ ಮೂಲಕ ಎರಡು ವಾರ ನೀರು ಹಾಯಿಸಿ, ಹೊರಗೆ ಬರುವ ನೀರಿನಲ್ಲಿ ಎಣ್ಣೆಯ ಎಳೆಯೂ ಕಾಣದಂತಾದ ಮೇಲೆ, ಒಂದು ಸೋಮವಾರ ಬೆಳಿಗ್ಗೆ, ಅದರ ಎರಡು ತುದಿಗಳಿಗೆ ಜೋಡಿಸಿದ್ದ ಡಿಸಿ ಸಪ್ಲೈಯನ್ನು 30 ವೋಲ್ಟಿಗೆ ಇಟ್ಟು ಚಾಲೂ ಮಾಡಿದೆ. ಮೀಟರಿನಲ್ಲಿ ಅರ್ಧ ಮಿಲಿಆಂಪಿಯರ್ ತೋರಿಸಿತು. ಮೂರನೆಯ ದಿನ ಮಧ್ಯಾಹ್ನ, ಹೊರಬಂದದ್ದನ್ನು ಅಳೆಯುವ ಬ್ಯೂರೆಟ್ಟಿನ ಮೇಲ್ತುದಿಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಕಂದು ಹನಿಯೊಂದು ಬಂದು ನಿಂತಿತು. ಸಂಜೆಯ ಹೊತ್ತಿಗೆ ಅದರ ಪಕ್ಕದಲ್ಲಿ ಇನ್ನೆರಡು ಸೇರಿದ್ದವು. ಶನಿವಾರ ಸಪ್ಲೈ ಆರಿಸುವಾಗ ಅಲ್ಲಿ ಮೂರು ಮಿಲಿಲೀಟರಿಗಿಂತ ತುಸು ಹೆಚ್ಚು ಎಣ್ಣೆ ಇತ್ತು. ಕೋರಿನಲ್ಲಿ ಮೊದಲು ತುಂಬಿದ್ದ ಎಣ್ಣೆಗೆ ಹೋಲಿಸಿದರೆ ಅದು ಸುಮಾರು ಶೇಕಡಾ 7. ನೀರಿನಿಂದ ಆಗುವಷ್ಟೂ ಆಗಿ ಮುಗಿದ ಮೇಲೆ ಬಂದ ಶೇಕಡಾ 7 ಇದು ಎಂಬುದನ್ನು ಈ ಕೆಲಸ ಮಾಡುವವರು ಗಮನಿಸಬೇಕು.

ಅಲ್ಲಿಗೆ ತಲುಪಲು ನನಗೆ ಮೂರೂವರೆ ವರ್ಷ ಹಿಡಿಯಿತು. ಹಣ ಮಂಜೂರು ಮಾಡುತ್ತಿದ್ದ ನಮ್ಮ ಹಿರಿಯರು ಮೊದಲ ದಿನವೇ, “ವಿದ್ಯುತ್ತು ಎಣ್ಣೆಯನ್ನು ತಳ್ಳುವುದಿಲ್ಲ, ಬಿಸಿ ಮಾಡುತ್ತದೆ ಅಷ್ಟೆ, ಬಿಸಿ ಮಾಡುವುದಕ್ಕೆ ಇದಕ್ಕಿಂತ ಅಗ್ಗದ ದಾರಿಗಳಿವೆ” ಎಂದಿದ್ದರು. ಜೊತೆಯಲ್ಲಿ ಕೆಲಸ ಮಾಡುವವರಲ್ಲಿಯೂ ಹೆಚ್ಚಿನವರ ಮಾತು ಅದೇ ಆಗಿತ್ತು. ಮೊದಲ ಎರಡು ವರ್ಷ ನಾನು ಮಾಡಿದ ಪ್ರಯೋಗಗಳಿಗೆ ಅವರ ಮಾತು ಸರಿಯಾಗಿಯೇ ಹೊಂದುತ್ತಿತ್ತು ಎಂದು ಈಗ ಒಪ್ಪುತ್ತೇನೆ. ಆದರೆ ತಪ್ಪಿದ್ದದ್ದು ಉಪಾಯದಲ್ಲಿ ಅಲ್ಲ, ನಾನು ಆರಿಸಿಕೊಂಡ ಕಲ್ಲಿನಲ್ಲಿ ಮತ್ತು ಉಪ್ಪಿನಲ್ಲಿ.

ಮೊದಲ ಪೆಟ್ಟು ಬಿದ್ದದ್ದು ಪಂಪಿಗೆ. ನಮ್ಮಲ್ಲಿದ್ದದ್ದು ಎಲ್ಲರ ಬಳಿಯೂ ಇರುವಂಥ, ಕೋರನ್ನು ಸುತ್ತಲಿಂದ ಒತ್ತಿ ಹಿಡಿಯುವ ಉಕ್ಕಿನ ಹ್ಯಾಸ್ಲರ್ ಕೋರ್ ಹೋಲ್ಡರ್. ಎರಡು ತುದಿಯ ಸ್ಟೇನ್‌ಲೆಸ್ ಪ್ಲಗ್ಗುಗಳನ್ನೇ ಎಲೆಕ್ಟ್ರೋಡ್ ಮಾಡಿಕೊಂಡು, ಅವಕ್ಕೂ ಹೋಲ್ಡರಿನ ಮೈಗೂ ನಡುವೆ ನೈಲಾನ್ ಬುಷ್ ಹಾಕಿ, ಸುತ್ತಲಿನ ಒತ್ತಡಕ್ಕೆ ನೀರಿನ ಬದಲು ಮಿನರಲ್ ಆಯಿಲ್ ತುಂಬಿದೆ. ಇಷ್ಟರಿಂದ ಇನ್ಸುಲೇಷನ್ ಆಯಿತು ಎಂದು ನಂಬಿದ್ದೆ. ಪಂಪಿನಿಂದ ಬರುವ ಕೊಳವೆಯಲ್ಲಿ ಇರುವುದು ಉಪ್ಪುನೀರೇ ಎಂಬುದು ಹೊಳೆಯಲಿಲ್ಲ. ಮೂರು ಮಿಲಿಮೀಟರ್ ಒಳವ್ಯಾಸದ, ಒಂದು ಗೇಣು ಉದ್ದದ ಪ್ಲಾಸ್ಟಿಕ್ ಕೊಳವೆಯಲ್ಲಿ ಲೀಟರಿಗೆ 10 ಗ್ರಾಂ ಉಪ್ಪಿರುವ ನೀರು ತುಂಬಿದರೆ ಅದರ ರೋಧ ಇಪ್ಪತ್ತು ಕಿಲೋಓಮ್ ಆಸುಪಾಸು. ಎಣ್ಣೆ ಉಳಿದಿರುವ ಕೋರಿನ ರೋಧವೇ ಆಗ ಹತ್ತು ಹನ್ನೊಂದು ಕಿಲೋಓಮ್ ಇತ್ತು. ಅಂದರೆ ಸಪ್ಲೈಯಿಂದ ಹೊರಟ ಕರೆಂಟಿನಲ್ಲಿ ಸುಮಾರು ಮೂರನೇ ಒಂದು ಭಾಗ ಕೋರಿಗೆ ಹೋಗದೆ, ಹಿಂದಕ್ಕೆ ಪಂಪಿನ ಮೂಲಕ ಅರ್ಥ್ ಸೇರುತ್ತಿತ್ತು. ಎರಡು ತಿಂಗಳಲ್ಲಿ ಪಿಸ್ಟನ್ನಿನ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳು ಬಿದ್ದವು, ಸೀಲು ಹೋಯಿತು, ಸಿಲಿಂಡರನ್ನೇ ಬದಲಿಸಬೇಕಾಯಿತು. ಆ ವರ್ಷ ನನಗೆ ಕೊಟ್ಟಿದ್ದ ಹಣದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಆ ಒಂದು ರಿಪೇರಿಗೆ ಹೋಯಿತು. ಪರಿಹಾರಕ್ಕೆ ತಗುಲಿದ್ದು ಮಾತ್ರ ಏನೂ ಅಲ್ಲ: ಮುಕ್ಕಾಲು ಮಿಲಿಮೀಟರ್ ಒಳವ್ಯಾಸದ, ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆಯನ್ನು ಒಂದೂವರೆ ಮೀಟರ್ ಸುರುಳಿ ಸುತ್ತಿ ಎರಡೂ ಕಡೆ ಹಾಕಿದೆ. ಅದೇ ಉಪ್ಪುನೀರಿಗೆ ಅದರ ರೋಧ ಕೋರಿನ ರೋಧಕ್ಕಿಂತ ನೂರು ಪಟ್ಟಿಗೂ ಮಿಗಿಲು. ಅಂದಿನಿಂದ ಪಂಪಿಗೆ ಏನೂ ಆಗಿಲ್ಲ.

ಎರಡನೆಯದು ಕಬ್ಬಿಣದ ತೊಂದರೆ. ಸ್ಟೇನ್‌ಲೆಸ್ ಪ್ಲಗ್ಗು ಆನೋಡ್ (ಧನ ಧ್ರುವ) ಆದಾಗ ಕ್ಲೋರೈಡ್ ನೀರಿನಲ್ಲಿ ಅದು ಸ್ಟೇನ್‌ಲೆಸ್ ಆಗಿ ಉಳಿಯುವುದಿಲ್ಲ. ಒಂದು ಆಂಪಿಯರ್-ಗಂಟೆಗೆ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು ಕಬ್ಬಿಣ ಕರಗುತ್ತದೆ ಎಂಬ ಫ್ಯಾರಡೆಯ ಲೆಕ್ಕ ನಮಗೆಲ್ಲ ಬಾಯಿಪಾಠ. ಆದರೆ ಆ ಒಂದು ಗ್ರಾಂ ಕೋರಿನ ಮುಖದ ಮೇಲೆ ಎಲ್ಲಿ ಕೂರುತ್ತದೆ ಎಂದು ಯೋಚಿಸಿರಲಿಲ್ಲ. ಹೋಲ್ಡರ್ ಬಿಚ್ಚಿದಾಗ ನೀರು ಒಳಹೋಗುವ ಮುಖದಿಂದ ಒಂದು ಬೆರಳಿನ ಅಗಲದವರೆಗೆ ಕಲ್ಲು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು, ಉಗುರಿನಿಂದ ಕೆರೆದರೆ ತುಕ್ಕಿನ ಪುಡಿ ಬರುತ್ತಿತ್ತು. ಇನ್ನೊಂದು ತುದಿಯ ಕ್ಯಾಥೋಡ್ (ಋಣ ಧ್ರುವ) ಕಡೆಯಲ್ಲಿ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟಿತ್ತು. ಅಲ್ಲಿ ಪಿಎಚ್ 11ಕ್ಕಿಂತ ಮೇಲೆ ಏರಿ, ನೀರಿನಲ್ಲಿದ್ದ ಮೆಗ್ನೀಸಿಯಂ, ಕ್ಯಾಲ್ಸಿಯಂಗಳು ಹೈಡ್ರಾಕ್ಸೈಡ್ ಮತ್ತು ಕಾರ್ಬನೇಟ್ ಆಗಿ ಕುಳಿತಿದ್ದವು. ಕೋರಿನ ಪರ್ಮಿಯಬಿಲಿಟಿ, ಅಂದರೆ ನೀರನ್ನು ಹಾಯಲು ಬಿಡುವ ಗುಣ, ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಆ ಕೋರಿನಿಂದ ಬಂದ ಅಂಕಿಗಳನ್ನೆಲ್ಲ ಹೊಡೆದುಹಾಕಿದೆ.

ಮೂರನೆಯದು ನನ್ನನ್ನು ಹೆಚ್ಚು ದಾರಿ ತಪ್ಪಿಸಿತು, ಏಕೆಂದರೆ ಅದು ಯಶಸ್ಸಿನ ರೂಪದಲ್ಲಿ ಬಂತು. ಆಕ್ಸೈಡ್ ಲೇಪಿಸಿದ ಟೈಟಾನಿಯಂ ಜಾಲರಿಯನ್ನು ಆನೋಡ್ ಮಾಡಿಕೊಂಡು, ಸಮುದ್ರದ ನೀರಿನಷ್ಟೇ ಉಪ್ಪು ಹಾಕಿ, ಸೆಂಟಿಮೀಟರಿಗೆ 4 ವೋಲ್ಟಿನಂತೆ ಒಟ್ಟು 120 ವೋಲ್ಟ್ ಕೊಟ್ಟೆ. ಕರೆಂಟು ಮೂವತ್ತು ಮಿಲಿಆಂಪಿಯರ್ ದಾಟಿತು. ಎರಡೇ ದಿನದಲ್ಲಿ ಹೆಚ್ಚುವರಿಯಾಗಿ ಶೇಕಡಾ 12ರಷ್ಟು ಎಣ್ಣೆ ಬಂತು. ನಾನು ಅದನ್ನು ಎಲ್ಲರಿಗೂ ಹೇಳಿಕೊಂಡೆ. ಆಗ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: “ಬ್ಯಾಕ್ ಪ್ರೆಶರ್ ಎಷ್ಟಿತ್ತು?” ಅನಿಲ ಗುಳ್ಳೆಯಾಗಿ ಹಿಗ್ಗದಂತೆ ಹೊರತುದಿಯಲ್ಲಿ ಹಿಡಿದಿಡುವ ಆ ಒತ್ತಡವನ್ನು ನಾನು ಹಾಕಿರಲಿಲ್ಲ. ಅಷ್ಟು ಕರೆಂಟಿಗೆ ಆನೋಡಿನಲ್ಲಿ ಗಂಟೆಗೆ ಏಳು ಮಿಲಿಲೀಟರಿನಷ್ಟು ಆಮ್ಲಜನಕ ಹುಟ್ಟಬಹುದು, ಕ್ಲೋರಿನ್ ಆದರೆ ಅದರ ಎರಡು ಪಟ್ಟು. ನಾನು ಹಾಯಿಸುತ್ತಿದ್ದ ನೀರು ಗಂಟೆಗೆ ಮೂರು ಮಿಲಿಲೀಟರ್. ಹಾಗಾದರೆ ಅದು ವಾಟರ್ ಫ್ಲಡ್ ಆಗಿರಲೇ ಇಲ್ಲ, ನೀರಿನ ಜೊತೆ ಅನಿಲ ಹಾಕಿ ಎಣ್ಣೆಯನ್ನು ನೂಕಿದಂತಾಗಿತ್ತು. ಸಾಲದ್ದಕ್ಕೆ ಕೋರು ಎಂಟು ಒಂಬತ್ತು ಡಿಗ್ರಿ ಬಿಸಿಯಾಗಿ ಎಣ್ಣೆ ತೆಳುವಾಗಿತ್ತು. ಕ್ಲೋರಿನ್ನಿನ ವಾಸನೆ ಫ್ಯೂಮ್ ಹುಡ್ಡಿನಾಚೆಗೂ ಬರುತ್ತಿದ್ದದ್ದನ್ನು ನಾನು ಎರಡು ದಿನವೂ ಮೂಗಿನಿಂದಲೇ ಅರಿತಿದ್ದೆ, ಆದರೂ ಅದರ ಅರ್ಥವನ್ನು ಲೆಕ್ಕಕ್ಕೆ ತಂದುಕೊಂಡಿರಲಿಲ್ಲ.

ಅದೇ ಪ್ರಯೋಗದ ಹಣದ ಲೆಕ್ಕವನ್ನೂ ಇಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಬರೆಯುವವರು ಸಾಮಾನ್ಯವಾಗಿ ಈ ಭಾಗವನ್ನು ಬಿಟ್ಟುಬಿಡುತ್ತಾರೆ. ನಾಲ್ಕು ವ್ಯಾಟಿನಂತೆ ಎರಡು ದಿನಕ್ಕೆ ಇನ್ನೂರು ವ್ಯಾಟ್-ಗಂಟೆಗೆ ಸ್ವಲ್ಪ ಕಡಿಮೆ ಖರ್ಚಾಯಿತು. ಬಂದದ್ದು ಐದೂವರೆ ಮಿಲಿಲೀಟರ್ ಎಣ್ಣೆ. ಇದನ್ನು 159 ಲೀಟರಿನ ಬ್ಯಾರೆಲ್‌ಗೆ ಏರಿಸಿದರೆ ಐದು ಸಾವಿರಕ್ಕೂ ಹೆಚ್ಚು ಯೂನಿಟ್ ವಿದ್ಯುತ್ ಆಗುತ್ತದೆ. ಒಂದು ಬ್ಯಾರೆಲ್ ಕಚ್ಚಾ ತೈಲವನ್ನು ಪೂರ್ತಿ ಸುಟ್ಟರೂ ಸಿಗುವ ಶಾಖ ಸುಮಾರು 1,700 ಯೂನಿಟ್. ಮೂರು ಪಟ್ಟು ಶಕ್ತಿ ಸುರಿದು ಒಂದು ಪಟ್ಟು ತೆಗೆಯುವುದಕ್ಕೆ ಯಾರೂ ಹಣ ಕೊಡುವುದಿಲ್ಲ, ಕೊಡಬಾರದು ಕೂಡ. ಆ ರಾತ್ರಿ ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಮೂರು ಸಲ ಮಾಡಿದೆ.

ತಿರುವು ಸಿಕ್ಕಿದ್ದು ತೈಲದ ಕಡೆಯಿಂದ ಅಲ್ಲ, ಮಣ್ಣಿನ ಕಡೆಯಿಂದ. ಜೇಡಿಯ ಮೂಲಕ ನೀರನ್ನು ವಿದ್ಯುತ್ತು ಎಳೆಯುತ್ತದೆ ಎಂದು ರಾಯ್ಸ್ ಎಂಬ ವಿಜ್ಞಾನಿ 1809ರಲ್ಲಿಯೇ ತೋರಿಸಿದ್ದ. 1930ರ ದಶಕದ ಕೊನೆಯ ಹೊತ್ತಿಗೆ ಮಣ್ಣಿನ ಎಂಜಿನಿಯರ್ ಲಿಯೋ ಕಾಸಾಗ್ರಾಂಡೆ ಅದೇ ಉಪಾಯದಿಂದ, ರೈಲುಮಾರ್ಗಕ್ಕಾಗಿ ಕಡಿದ ಇಳಿಜಾರಿನ ಹಸಿ ಹೂಳುಮಣ್ಣಿನಿಂದ ನೀರು ತೆಗೆಸಿ ಅದನ್ನು ಗಟ್ಟಿಗೊಳಿಸಿದ್ದ. ಅಲ್ಲಿ ಸಾಮಾನ್ಯ ಪಂಪು ಕೆಲಸ ಮಾಡದಿರಲು ಕಾರಣ ಮಣ್ಣಿನ ರಂಧ್ರಗಳು ತೀರ ಸಣ್ಣವು ಎಂಬುದು. ಒತ್ತಡದಿಂದ ಹರಿಯುವ ನೀರಿನ ವೇಗ ರಂಧ್ರದ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಎಲೆಕ್ಟ್ರೋ-ಆಸ್ಮಾಸಿಸ್‌ನಿಂದ, ಅಂದರೆ ವಿದ್ಯುತ್ತಿನ ಈ ಎಳೆತದಿಂದ, ಹರಿಯುವ ನೀರಿಗೆ ರಂಧ್ರದ ಗಾತ್ರದ ಹಂಗಿಲ್ಲ. ಇದು ನಮಗೆಲ್ಲ ಗೊತ್ತಿರುವ ಸಂಗತಿಯೇ. ಆದರೂ ಬೆರಿಯಾ ಮರಳುಗಲ್ಲಿನಂಥ ಒಂದೇ ಹದದ, ನೀರು ಸಲೀಸಾಗಿ ಹೋಗುವ ಕೋರಿನಲ್ಲಿ ಇದನ್ನು ಪರೀಕ್ಷಿಸಿ, ಏನೂ ಬರಲಿಲ್ಲ ಎಂದು ನಾನೂ ಬರೆದಿಟ್ಟಿದ್ದೆ, ಬೇರೆಯವರೂ ಬರೆದಿಟ್ಟಿದ್ದರು. ಅಂಥ ಕಲ್ಲಿನಲ್ಲಿ ನೀರು ಹೋಗಬೇಕಾದ ಕಡೆಗೆಲ್ಲ ಒತ್ತಡದಿಂದಲೇ ಹೋಗಿರುತ್ತದೆ. ವಿದ್ಯುತ್ತಿಗೆ ಉಳಿದಿರುವ ಕೆಲಸ ಅಲ್ಲಿ ಇಲ್ಲ. ಅನಿಲವನ್ನೂ ಬಿಸಿಯನ್ನೂ ತಡೆದ ಮೇಲೆ ಬೆರಿಯಾದಲ್ಲಿ ನನಗೆ ಬಂದದ್ದು ಶೇಕಡಾ ಒಂದೂವರೆ, ಅದೂ ಬ್ಯೂರೆಟ್ ಓದುವಾಗಿನ ತಪ್ಪಿನ ಮಿತಿಯೊಳಗೇ ಇತ್ತು.

ಆದ್ದರಿಂದ ಎರಡು ಹದದ ಕಲ್ಲನ್ನು ಒಟ್ಟಿಗೆ ಹಾಕಬೇಕೆಂದು ನಿಶ್ಚಯಿಸಿದೆ. 3.8 ಸೆಂಟಿಮೀಟರ್ ವ್ಯಾಸದ, 30 ಸೆಂಟಿಮೀಟರ್ ಉದ್ದದ ಎರಡು ಕೋರುಗಳನ್ನು ಉದ್ದಕ್ಕೆ ಸೀಳಿ, ನಾನೂರು ಮಿಲಿಡಾರ್ಸಿಯ (ಪರ್ಮಿಯಬಿಲಿಟಿಯ ಅಳತೆ) ಒರಟು ಅರ್ಧವನ್ನು ಇಪ್ಪತ್ತು ಮಿಲಿಡಾರ್ಸಿಯ, ಜೇಡಿ ಸ್ವಲ್ಪ ಹೆಚ್ಚಿರುವ ನಯವಾದ ಅರ್ಧದೊಂದಿಗೆ ಜೋಡಿಸಿದೆ. ಸೀಳುವಾಗಲೇ ನಾಲ್ಕು ಕೋರು ಒಡೆದವು. ನಯವಾದ ಕಲ್ಲು ಗರಗಸದ ನೀರಿಗೆ ಪದರ ಪದರವಾಗಿ ಬಿಡುತ್ತಿತ್ತು, ಕೊನೆಗೆ ನೀರಿನ ಬದಲು ಎಣ್ಣೆ ಹಾಕಿ ಕೊಯ್ಯಬೇಕಾಯಿತು. ಜೋಡಿಸಿದ ಮೊದಲ ಎರಡು ಕೋರುಗಳಲ್ಲಿ ನೀರು ಎರಡು ಅರ್ಧಗಳ ನಡುವಿನ ಸಂದಿನಲ್ಲೇ ಕಾಲುವೆ ಮಾಡಿಕೊಂಡು ಓಡಿತು. ಹತ್ತನೇ ಒಂದು ಪೋರ್ ವಾಲ್ಯೂಮ್ (ಕಲ್ಲಿನ ರಂಧ್ರಗಳ ಒಟ್ಟು ಗಾತ್ರ) ಹೋಗುವಷ್ಟರಲ್ಲಿ ಆ ಕಡೆ ನೀರು ಬಂದುಬಿಟ್ಟಿತು. ಟಿಶ್ಯೂ ಕಾಗದ ಇಟ್ಟು ನೋಡಿದೆ, ಪ್ರಯೋಜನವಾಗಲಿಲ್ಲ. ನಯವಾದ ಕಲ್ಲನ್ನೇ ಪುಡಿ ಮಾಡಿ, ಜರಡಿ ಹಿಡಿದು, ಉಪ್ಪುನೀರಿನಲ್ಲಿ ಕಲಸಿ ತೆಳ್ಳಗೆ ಸವರಿ, ಸುತ್ತಲಿನ ಒತ್ತಡವನ್ನು ಒಂದು ರಾತ್ರಿ ಪೂರ್ತಿ ನಿಧಾನವಾಗಿ ಏರಿಸಿದಾಗ ಸಂದು ಮುಚ್ಚಿತು.

ಈಗ ಲೆಕ್ಕ ಬೇರೆಯಾಯಿತು. ಒರಟು ಅರ್ಧದಲ್ಲಿ ನೀರು ದಿನಕ್ಕೆ 30 ಸೆಂಟಿಮೀಟರ್ ಸಾಗುವಂತೆ ಪಂಪನ್ನು ಇಟ್ಟರೆ, ಅದೇ ಒತ್ತಡಕ್ಕೆ ನಯವಾದ ಅರ್ಧದಲ್ಲಿ ಸಾಗುವುದು ದಿನಕ್ಕೆ ಒಂದೂವರೆ ಸೆಂಟಿಮೀಟರ್. ಸೆಂಟಿಮೀಟರಿಗೆ ಒಂದು ವೋಲ್ಟ್ ಕೊಟ್ಟಾಗ ಎಲೆಕ್ಟ್ರೋ-ಆಸ್ಮಾಸಿಸ್ ಎರಡೂ ಕಡೆ ಸೇರಿಸುವುದು ದಿನಕ್ಕೆ ಐದಾರು ಸೆಂಟಿಮೀಟರ್. ಮೂವತ್ತರ ಜೊತೆ ಐದು ಸೇರಿದರೆ ಯಾರಿಗೂ ಕಾಣುವುದಿಲ್ಲ, ಒಂದೂವರೆಯ ಜೊತೆ ಐದು ಸೇರಿದರೆ ನಾಲ್ಕು ಪಟ್ಟಿಗೂ ಹೆಚ್ಚಾಗುತ್ತದೆ. ನಾನು ಇಡೀ ಬರಹದಲ್ಲಿ ಹೇಳಬೇಕೆಂದಿರುವುದು ಇದನ್ನೇ: ವಿದ್ಯುತ್ ಕ್ಷೇತ್ರ ಎಣ್ಣೆಯನ್ನು ತಳ್ಳುವುದಿಲ್ಲ, ಒತ್ತಡ ಒಯ್ಯಲಾರದ ಕಡೆಗೆ ನೀರನ್ನು ಒಯ್ಯುತ್ತದೆ. ಆ ನೀರು ಎಣ್ಣೆಯನ್ನು ತಳ್ಳುತ್ತದೆ.

ಐದಾರು ಸೆಂಟಿಮೀಟರ್ ಎಂಬುದು ಉಪ್ಪು ಕಡಿಮೆ ಇದ್ದರೆ ಮಾತ್ರ. ಸಮುದ್ರದ ನೀರಿನಷ್ಟು ಉಪ್ಪಿದ್ದರೆ ಝೀಟಾ ಪೊಟೆನ್ಷಿಯಲ್ (ಕಲ್ಲಿನ ಮೈಮೇಲಿನ ವಿದ್ಯುದಂಶದ ಅಳತೆ) ಕುಗ್ಗಿ, ತಳ್ಳುವ ಬಲವೂ ಕುಗ್ಗುತ್ತದೆ. ಮೇಲಾಗಿ ನೀರು ಚೆನ್ನಾಗಿ ವಿದ್ಯುತ್ ಹರಿಸುವುದರಿಂದ ಕರೆಂಟು ವ್ಯರ್ಥವಾಗಿ ಏರುತ್ತದೆ. ಎರಡೂ ಕಡೆಯಿಂದ ನಷ್ಟ. ನಾನು 35 ಗ್ರಾಮಿನಿಂದ 10ಕ್ಕೆ, 10ರಿಂದ 3ಕ್ಕೆ, ಕೊನೆಗೆ ಲೀಟರಿಗೆ ಒಂದು ಗ್ರಾಮಿಗೆ ಇಳಿದೆ. ಅದಕ್ಕಿಂತ ಕೆಳಗೆ ಅರ್ಧ ಗ್ರಾಮಿಗೆ ಇಳಿಸಿ ನೋಡಿದಾಗ ನಯವಾದ ಅರ್ಧದ ಕೆಯೋಲಿನೈಟ್ ಜೇಡಿಯ ಕಣಗಳು ಕಳಚಿ, ಹೊರಗೆ ಬರುವ ನೀರು ಗಂಜಿಯಂತೆ ಮಬ್ಬಾಯಿತು, ಒತ್ತಡ ಒಂದೇ ದಿನದಲ್ಲಿ ಎರಡು ಪಟ್ಟಾಯಿತು. ಆ ಕೋರನ್ನು ಉಳಿಸಿಕೊಳ್ಳಲಾಗಲಿಲ್ಲ. ನಿಮ್ಮ ಕಲ್ಲಿಗೆ ಈ ಮಿತಿ ಬೇರೆ ಇರುತ್ತದೆ, ಅದನ್ನು ಮೊದಲೇ ಒಂದು ಬೇಡದ ತುಂಡಿನಲ್ಲಿ ಕಂಡುಕೊಳ್ಳುವುದು ಒಳ್ಳೆಯದು.

ಇನ್ನೊಂದು ಹಣ ಉಳಿಸುವ ಸಂಗತಿಯಿದೆ. ನೀರು ಸಾಗುವ ವೇಗ ಕ್ಷೇತ್ರಕ್ಕೆ ನೇರವಾಗಿ ಏರುತ್ತದೆ, ವಿದ್ಯುತ್ ಖರ್ಚು ಕ್ಷೇತ್ರದ ವರ್ಗಕ್ಕೆ ಏರುತ್ತದೆ. ಆದ್ದರಿಂದ ವೋಲ್ಟೇಜನ್ನು ಅರ್ಧ ಮಾಡಿ ಎರಡು ಪಟ್ಟು ದಿನ ಕಾದರೆ, ಅಷ್ಟೇ ನೀರನ್ನು ಅರ್ಧ ಖರ್ಚಿನಲ್ಲಿ ಒಯ್ಯಬಹುದು. ಅವಸರಕ್ಕೆ ಬೆಲೆ ತೆರಬೇಕಾದ ಕೆಲಸ ಇದು. 4 ವೋಲ್ಟಿನಿಂದ 1 ವೋಲ್ಟಿಗೆ ಇಳಿದದ್ದು ಹೀಗೆ. ಆರಂಭದಲ್ಲಿ ಹೇಳಿದ ಆ ಆರು ದಿನದ ಪ್ರಯೋಗದಲ್ಲಿ ಒಟ್ಟು ಖರ್ಚಾದದ್ದು ಎರಡು ವ್ಯಾಟ್-ಗಂಟೆಯ ಆಸುಪಾಸು. ಬ್ಯಾರೆಲ್‌ಗೆ ಏರಿಸಿದರೆ ನೂರರಿಂದ ನೂರಿಪ್ಪತ್ತು ಯೂನಿಟ್. ಐದು ಸಾವಿರದಿಂದ ನೂರಕ್ಕೆ ಇಳಿಸಿದ್ದೇನೆ ಎಂದು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಎಲೆಕ್ಟ್ರೋಡುಗಳ ಮೈಮೇಲೆ ಬೀಳುವ ಎರಡು ಮೂರು ವೋಲ್ಟ್, ಮುಂದೆ ಹೇಳುವ ಎಲೆಕ್ಟ್ರೋಡ್ ಚೇಂಬರಿನ ಸಣ್ಣ ಪಂಪು, ಉಪ್ಪು ಕಡಿಮೆ ಮಾಡಿದ ನೀರಿನ ಖರ್ಚು ಇದರಲ್ಲಿ ಸೇರಿಲ್ಲ ಎಂಬುದನ್ನೂ ಹೇಳಬೇಕು.

ಸಂಶಯಪಟ್ಟವರನ್ನು ಒಪ್ಪಿಸಿದ್ದು ಆ ಶೇಕಡಾ 7 ಅಲ್ಲ, ಅದರ ಸುತ್ತ ಮಾಡಿದ ಹೋಲಿಕೆಯ ಪ್ರಯೋಗಗಳು. ಉಪ್ಪು ಕಡಿಮೆ ಮಾಡಿದ್ದರಿಂದಲೇ ಎಣ್ಣೆ ಬಂತು ಎಂಬ ಆಕ್ಷೇಪ ಬರುತ್ತದೆಂದು ಗೊತ್ತಿದ್ದರಿಂದ ಮೊದಲಿನಿಂದಲೂ ಒಂದು ಗ್ರಾಮಿನ ನೀರನ್ನೇ ಹಾಯಿಸಿ, ಎಣ್ಣೆ ಪೂರ್ತಿ ನಿಂತು ಎರಡು ದಿನವಾದ ಮೇಲಷ್ಟೇ ಕ್ಷೇತ್ರ ಕೊಟ್ಟಿದ್ದೆ. ಬಿಸಿಯಿಂದ ಬಂತು ಎಂಬ ಆಕ್ಷೇಪಕ್ಕೆ ಇನ್ನೊಂದು ಜೋಡಿ ಕೋರಿಗೆ ಅಷ್ಟೇ ಆರ್‌ಎಂಎಸ್ ವೋಲ್ಟಿನ ಎಸಿ ಕೊಟ್ಟೆ. ಎಸಿಯಲ್ಲಿ ಶಾಖ ಅಷ್ಟೇ ಹುಟ್ಟುತ್ತದೆ, ನೀರು ಮಾತ್ರ ಒಂದು ದಿಕ್ಕಿಗೆ ಸಾಗುವುದಿಲ್ಲ. ಆರು ದಿನದಲ್ಲಿ ಒಂದು ಹನಿಯೂ ಬರಲಿಲ್ಲ. ಏಳನೆಯ ದಿನ ಅದೇ ಕೋರಿಗೆ ಡಿಸಿ ಕೊಟ್ಟಾಗ ಮೂರು ದಿನಕ್ಕೆ ಎಣ್ಣೆ ಕಾಣಿಸಿತು. ಒತ್ತಡದ ಗೇಜು ಇದಕ್ಕಿಂತಲೂ ಬೇಗ ಉತ್ತರ ಕೊಟ್ಟಿತು. ಕೋರಿನ ಎರಡು ತುದಿಗಳ ನಡುವೆ ಇಪ್ಪತ್ತೈದು ಮಿಲಿಬಾರಿನಷ್ಟು ಇದ್ದ ವ್ಯತ್ಯಾಸ ಡಿಸಿ ಹಾಕಿದ ಕೆಲವೇ ನಿಮಿಷಗಳಲ್ಲಿ ಹದಿನೇಳು ಹದಿನೆಂಟಕ್ಕೆ ಇಳಿಯಿತು, ಆರಿಸಿದರೆ ಮತ್ತೆ ಇಪ್ಪತ್ತೈದಕ್ಕೆ ಬಂತು, ಧ್ರುವ ತಿರುಗಿಸಿದರೆ ಮೂವತ್ತು ದಾಟಿತು. ಹಿರಿಯರನ್ನು ಕರೆದು ಅವರ ಕೈಯಿಂದಲೇ ಸ್ವಿಚ್ಚು ಹಾಕಿಸಿದೆ, ಆರಿಸಿದೆ. ಅವರು ನಾಲ್ಕು ಸಲ ಮಾಡಿ ನೋಡಿದರು. ಆಮೇಲೆ ಮುಂದಿನ ವರ್ಷದ ಹಣಕ್ಕೆ ತಡೆ ಬರಲಿಲ್ಲ.

ಕೊನೆಗೆ ಕೋರನ್ನು ಬಿಚ್ಚಿ ಎರಡು ಅರ್ಧಗಳನ್ನು ಬೇರೆ ಬೇರೆಯಾಗಿ, ಕುದಿಯುವ ದ್ರಾವಕದಿಂದ ಕಲ್ಲಿನ ನೀರನ್ನೂ ಎಣ್ಣೆಯನ್ನೂ ತೆಗೆಯುವ ಡೀನ್-ಸ್ಟಾರ್ಕ್ ಉಪಕರಣಕ್ಕೆ ಹಾಕಿ, ಬರಿಯ ನೀರು ಹಾಯಿಸಿದ್ದ ಜೋಡಿಯೊಂದಿಗೆ ಹೋಲಿಸಿದೆ. ಹೆಚ್ಚುವರಿ ಎಣ್ಣೆಯಲ್ಲಿ ಮುಕ್ಕಾಲು ಪಾಲು ನಯವಾದ ಅರ್ಧದಿಂದ ಬಂದಿತ್ತು. ಒರಟು ಅರ್ಧದಲ್ಲಿ ಉಳಿದ ಎಣ್ಣೆ ಹೆಚ್ಚು ಕಡಿಮೆ ಅಷ್ಟೇ ಇತ್ತು. ಆ ನಯವಾದ ಕಲ್ಲನ್ನು ಆ ಉಪಕರಣದ ಟಾಲ್ವೀನ್ ದ್ರಾವಕಕ್ಕೆ ಹಾಕುವ ಮೊದಲು ಅಡ್ಡಕ್ಕೆ ಮುರಿದು ನೋಡಿದ್ದೆ: ಬರಿಯ ನೀರಿನ ಜೋಡಿಯಲ್ಲಿ ಒಳಹೋಗುವ ತುದಿಯ ಎರಡು ಮೂರು ಸೆಂಟಿಮೀಟರ್ ಬಿಟ್ಟರೆ ಉಳಿದದ್ದೆಲ್ಲ ಕಪ್ಪುಗಂದು, ಕ್ಷೇತ್ರ ಕೊಟ್ಟ ಜೋಡಿಯಲ್ಲಿ ಅರ್ಧದಾಚೆಗೂ ಬಣ್ಣ ತಿಳಿಯಾಗಿತ್ತು. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಆ ಎರಡು ಮುರಿದ ತುಂಡುಗಳು.

ಎಲೆಕ್ಟ್ರೋಡಿನ ವ್ಯವಸ್ಥೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಎಲೆಕ್ಟ್ರೋಡನ್ನು ಕೋರಿನ ಮುಖಕ್ಕೆ ತಾಗಿಸಬಾರದು. ಪಕ್ಕದ ಚೇಂಬರಿನಲ್ಲಿ ಇಟ್ಟು, ಸಣ್ಣ ರಂಧ್ರದ ಸೆರಾಮಿಕ್ ಬಿಲ್ಲೆಯ ಮೂಲಕ ಕೋರಿಗೆ ಸೇರಿಸಬೇಕು. ಚೇಂಬರಿನ ದ್ರಾವಣವನ್ನು ಬೇರೆ ಪಂಪಿನಿಂದ ಸುತ್ತಿಸುತ್ತ, ಕೋರಿನ ಒತ್ತಡಕ್ಕೆ ಸಮನಾಗಿ ಹಿಡಿದಿಡಬೇಕು. ಆಗ ಅನಿಲವೂ ಆಮ್ಲವೂ ಕ್ಷಾರವೂ ಅಲ್ಲಿಯೇ ಉಳಿಯುತ್ತವೆ, ಕೋರಿಗೆ ಬರುವುದಿಲ್ಲ. ಹತ್ತು ಬಾರ್ ಬ್ಯಾಕ್ ಪ್ರೆಶರನ್ನೂ ನಾನು ಬಿಡುವುದಿಲ್ಲ. ಪೀಕ್ ದಿಂಡಿನಿಂದ ಕಡೆಸಿದ ಈ ಎರಡು ಚೇಂಬರುಗಳಿಗೆ ಪಂಪಿನ ರಿಪೇರಿಗಿಂತ ಸ್ವಲ್ಪ ಕಡಿಮೆ ಹಣ ಹಿಡಿಯಿತು. ಮೊದಲ ಜೊತೆ ಸೋರಿತು, ಎರಡನೆಯದು ನಿಂತಿತು. ಒತ್ತಡ ಏರಿಳಿಯುವಾಗ ಬಿಲ್ಲೆ ಒಡೆಯದಂತೆ ಅದನ್ನು ಹೇಗೆ ಕೂರಿಸಿದ್ದೇನೆ ಎಂಬುದನ್ನೂ, ಕ್ಯಾಥೋಡ್ ಚೇಂಬರಿನಲ್ಲಿ ಯಾವ ದ್ರಾವಣ ಹಾಕುತ್ತೇನೆ ಎಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಅವು ನನ್ನ ಮೂರು ವರ್ಷದ ದುಡಿಮೆ. ಆಗಾಗ ಸ್ವಲ್ಪ ಹೊತ್ತು ಧ್ರುವ ತಿರುಗಿಸಿದರೆ ಬಿಳಿ ಪದರ ಕಟ್ಟುವುದು ಬಹಳ ಕಡಿಮೆಯಾಗುತ್ತದೆ ಎಂಬಷ್ಟನ್ನು ಹೇಳಬಲ್ಲೆ. ಎಷ್ಟು ಹೊತ್ತಿಗೊಮ್ಮೆ, ಎಷ್ಟು ಹೊತ್ತು ಎಂಬುದನ್ನು ನೀವೇ ನಿಮ್ಮ ನೀರಿಗೆ ತಕ್ಕಂತೆ ಕಂಡುಕೊಳ್ಳಬಹುದು.

ಇದರ ನಡುವೆ ಒಂದು ತಿಂಗಳು ಬೇರೆ ದಾರಿ ಹಿಡಿದಿದ್ದೆ. ಮೂರು ಗ್ರಾಮಿನ ನೀರಿನ ಪ್ರಯೋಗದಲ್ಲಿ ಹೊರಗೆ ಬಂದ ಎಣ್ಣೆ ಮಜ್ಜಿಗೆಯಂತೆ ಕಲಸಿಕೊಂಡು, ಬ್ಯೂರೆಟ್ಟಿನಲ್ಲಿ ಗೆರೆಯೇ ಓದಲಾಗುತ್ತಿರಲಿಲ್ಲ. ಬ್ಯೂರೆಟ್ಟಿನ ಹೊರಗೆ ಎರಡು ತಾಮ್ರದ ಪಟ್ಟಿ ಸುತ್ತಿ ಕೆಲವು ಸಾವಿರ ವೋಲ್ಟಿನ ಎಸಿ ಕೊಟ್ಟಾಗ ನೀರಿನ ಸಣ್ಣ ಹನಿಗಳು ಒಂದನ್ನೊಂದು ಸೇರಿ ಕೆಳಗಿಳಿದು, ಅರ್ಧ ಗಂಟೆಯಲ್ಲಿ ಎರಡು ಪದರಗಳು ಸ್ಪಷ್ಟವಾದವು. ಇದರಲ್ಲಿ ಹೊಸದೇನೂ ಇಲ್ಲ. ಅಮೆರಿಕದ ರಸಾಯನ ವಿಜ್ಞಾನಿ ಕಾಟ್ರೆಲ್ 1911ರಲ್ಲಿಯೇ ಕಚ್ಚಾ ತೈಲದ ನೀರನ್ನು ಹೀಗೆ ಬೇರ್ಪಡಿಸುವುದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಬ್ಯೂರೆಟ್ ಓದುವಾಗಿನ ನನ್ನ ತಪ್ಪು ಇದರಿಂದ ಅರ್ಧಕ್ಕಿಂತ ಕೆಳಗೆ ಇಳಿಯಿತು, ಈಗ ಎಲ್ಲ ಪ್ರಯೋಗದಲ್ಲಿಯೂ ಆ ಪಟ್ಟಿಗಳನ್ನು ಸುತ್ತುತ್ತೇನೆ.

ಬಾವಿಗಳಿಗೆ ಇದನ್ನು ಒಯ್ಯುವ ಮಾತು ಬಂದಾಗ ನಾನು ಎಚ್ಚರದಿಂದ ಇರುತ್ತೇನೆ. ಸೆಂಟಿಮೀಟರಿಗೆ ಒಂದು ವೋಲ್ಟ್ ಎಂದರೆ ನೂರು ಮೀಟರ್ ಅಂತರಕ್ಕೆ ಹತ್ತು ಸಾವಿರ ವೋಲ್ಟ್. ಅದೂ ಕೋರಿನಲ್ಲಿರುವಂತೆ ಸಮನಾಗಿ ಹರಡದೆ, ಬಾವಿಯ ಸುತ್ತಲಿನ ಕೆಲವು ಮೀಟರುಗಳಲ್ಲೇ ಹೆಚ್ಚಿನದು ಬಿದ್ದುಹೋಗುತ್ತದೆ. ಹಲಗೆಯಂತೆ ಕೊಯ್ದ, ಒಂದು ಮೊಳ ಚೌಕದ ಕಲ್ಲಿನ ಎದುರುಬದುರಿನ ಮೂಲೆಗಳಲ್ಲಿ ಬಾವಿ ಕೊರೆದು, ನಡುವೆ ಹತ್ತು ಕಡೆ ಸೂಜಿ ಚುಚ್ಚಿ ವೋಲ್ಟೇಜ್ ಅಳೆದು ಇದನ್ನು ಕಣ್ಣಾರೆ ನೋಡಿದ್ದೇನೆ. ಅರ್ಧಕ್ಕಿಂತ ಹೆಚ್ಚು ವೋಲ್ಟ್ ಎರಡು ಬಾವಿಗಳ ಹತ್ತಿರದ ಮೂರು ಬೆರಳಿನಷ್ಟು ಜಾಗದಲ್ಲೇ ಕಳೆದುಹೋಗಿತ್ತು. ಬಾವಿಗಳು ಹತ್ತಿರ ಹತ್ತಿರ ಇದ್ದು, ಪದರಗಳ ನಡುವೆ ಪರ್ಮಿಯಬಿಲಿಟಿಯ ಅಂತರ ಹೆಚ್ಚಿದ್ದು, ನೀರಿನ ಉಪ್ಪು ಕಡಿಮೆ ಇರುವಲ್ಲಿ ಮಾತ್ರ ಇದನ್ನು ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ. ಎಲ್ಲ ಕಡೆಗೂ ಆಗುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಧ್ರುವದ ವಿಷಯ ಒಂದನ್ನು ಹೇಳಲು ಉಳಿದಿದೆ. ಮರಳುಗಲ್ಲಿನ ಮೈ ಋಣವಾಗಿರುವುದರಿಂದ ನೀರು ಕ್ಯಾಥೋಡ್ ಕಡೆಗೆ ಸಾಗುತ್ತದೆ, ಆದ್ದರಿಂದ ಉತ್ಪಾದನೆಯ ಕಡೆಗೆ ಕ್ಯಾಥೋಡ್ ಇಡುತ್ತೇವೆ. ಸುಣ್ಣದ ಕಲ್ಲಿನಲ್ಲಿ ಇದನ್ನೇ ಕುರುಡಾಗಿ ಅನುಸರಿಸಿ ಒಂದು ಕೋರನ್ನು ಹತ್ತು ದಿನ ಕೆಡಿಸಿದೆ. ಈಗ ಯಾವ ಕಲ್ಲಾದರೂ ಸಪ್ಲೈ ಜೋಡಿಸುವ ಮೊದಲು, ಬೆಳ್ಳಿ ಕ್ಲೋರೈಡಿನ ಎಲೆಕ್ಟ್ರೋಡುಗಳಿಂದ ಸ್ಟ್ರೀಮಿಂಗ್ ಪೊಟೆನ್ಷಿಯಲ್, ಅಂದರೆ ಒತ್ತಡದಿಂದ ನೀರು ಹರಿದಾಗ ಎರಡು ತುದಿಗಳ ನಡುವೆ ಹುಟ್ಟುವ ವೋಲ್ಟ್, ಅಳೆಯುತ್ತೇನೆ. ಇದೂ ಎಲೆಕ್ಟ್ರೋ-ಆಸ್ಮಾಸಿಸ್ ಕೂಡ ಒಂದೇ ಸಂಬಂಧದ ಎರಡು ಮುಖಗಳು ಎಂದು ಸಾಕ್ಸೆನ್ ಎಂಬ ವಿಜ್ಞಾನಿ 1892ರಲ್ಲಿಯೇ ಅಳೆದು ತೋರಿಸಿದ್ದರಿಂದ ಇದಕ್ಕಿಂತ ನಂಬಿಕೆಯ ಪರೀಕ್ಷೆ ಇಲ್ಲ. ನೀರು ಹರಿದಾಗ ಹೊರಬರುವ ತುದಿ ಧನವಾದರೆ ಕ್ಯಾಥೋಡ್ ಅಲ್ಲಿಗೆ, ಋಣವಾದರೆ ಆನೋಡ್ ಅಲ್ಲಿಗೆ. ಒಂದು ಗ್ರಾಮಿನ ನೀರಿನಲ್ಲಿ ಮರಳುಗಲ್ಲು ನನಗೆ ಒಂದು ಬಾರ್‌ಗೆ ಏಳೆಂಟು ಮಿಲಿವೋಲ್ಟ್ ಕೊಡುತ್ತದೆ. ಸಮುದ್ರದ ನೀರಿನಲ್ಲಿ ಅದು ಮಿಲಿವೋಲ್ಟಿನ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಷ್ಟು ಕಡಿಮೆ ಬಂದರೆ ಆ ನೀರಿನಲ್ಲಿ ಕ್ಷೇತ್ರ ಕೊಡುವ ಯೋಚನೆಯನ್ನೇ ಬಿಡಬಹುದು. ಸುಣ್ಣದ ಕಲ್ಲಿನಲ್ಲಿ ಕ್ಯಾಲ್ಸಿಯಂ ಏರಿಸುತ್ತ ಹೋದಂತೆ ಈ ಅಂಕಿ ಕುಗ್ಗಿ, ಸೊನ್ನೆ ದಾಟಿ, ಚಿಹ್ನೆ ತಿರುಗಿದ್ದನ್ನು ಹೋದ ತಿಂಗಳು ಮೂರು ಸಲ ಅಳೆದು ಖಚಿತ ಮಾಡಿಕೊಂಡೆ. ಸೀಳಿ ಜೋಡಿಸಿದ ಸುಣ್ಣದ ಕಲ್ಲಿನ ಮೊದಲ ಕೋರು ಈಗ ಒಲೆಯಲ್ಲಿ ಕಚ್ಚಾ ತೈಲದೊಂದಿಗೆ ಹಳತಾಗುತ್ತಿದೆ. ಮೂರನೆಯ ವಾರ ಮುಗಿದ ಮೇಲೆ ಹೊರತೆಗೆದು, ಆನೋಡನ್ನು ಉತ್ಪಾದನೆಯ ಕಡೆಗೆ ಇಟ್ಟು ಸ್ವಿಚ್ಚು ಹಾಕುತ್ತೇನೆ.